ಉಳ್ಳಾರ್ತಿ ಕಾವಲಿಗೆ ತಲುಪದ ಪೆಟ್ಟಿಗೆ

ಏಪ್ರಿಲ್ ಹದಿನೇಳು, ಗುರುವಾರ. ಬೆಳಿಗ್ಗೆ ಒಂಬತ್ತೂವರೆಗೆ ಚಳ್ಳಕೆರೆ ಪೊಲೀಸ್ ಠಾಣೆಯ ಮುಂದೆ ಒಂದು ಜೀಪು ನಿಂತು, ಬಿಳಿ ಕೋಟು ಹಾಕಿದ ಹೆಣ್ಣುಮಗಳೊಬ್ಬರು ಇಳಿದು ಒಳಗೆ ಓಡಿ ಬಂದರು. ಹೆಡ್ ಕಾನ್‌ಸ್ಟೇಬಲ್ ಸೂರಪ್ಪ ಚಹಾದ ಲೋಟ ಕೆಳಗಿಟ್ಟು ಎದ್ದ. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಕಳ್ಳರಿಗೂ ಸಾಹೇಬರಿಗೂ ಹೆದರದ ಆಸಾಮಿ ಬಿಳಿ ಕೋಟು ಕಂಡರೆ ಮಾತ್ರ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಸೂಜಿ ನೋಡಿದರೆ ಅವನಿಗೆ ಕಣ್ಣು ಕತ್ತಲೆ ಬರುತ್ತದೆಂಬುದು ಠಾಣೆಯಲ್ಲಿ ಹಳೆಯ ತಮಾಷೆ.

ಬಂದವರು ಡಾ. ಐಶ್ವರ್ಯ. ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಪಕ್ಕದ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಇನ್‌ಸ್ಪೆಕ್ಟರ್ ಅಮರೇಶ್ ಕುರ್ಚಿ ತೋರಿಸಿದರು. ಅವರು ಕೂರಲಿಲ್ಲ.

“ಏನು ಕಳುವಾಗಿದೆ?”

“ಬೆಂಗಳೂರಿಂದ ಬಂದ ಥರ್ಮಾಕೋಲ್ ಪೆಟ್ಟಿಗೆ. ಬಸ್ ಸ್ಟ್ಯಾಂಡ್ ಹತ್ತಿರದ ಕೊರಿಯರ್ ಆಫೀಸಿಗೆ ಆರು ನಲವತ್ತಕ್ಕೆ ಬಂದಿದೆ. ನಮ್ಮ ಡ್ರೈವರ್ ಒಂಬತ್ತಕ್ಕೆ ಹೋದರೆ ಯಾರೋ ಆಗಲೇ ತಗೊಂಡು ಹೋಗಿದ್ದಾರೆ.”

“ಒಳಗೆ?”

“ಒಂದು ಸಣ್ಣ ಶೀಶೆ. ಪ್ರತಿಕಾಯ.”

ಸೂರಪ್ಪನ ಪೆನ್ನು ನಿಂತಿತು. ಡಾಕ್ಟರು ಬಿಡಿಸಿ ಹೇಳಿದರು. ಮನುಷ್ಯನ ಮಾಂಸಖಂಡಕ್ಕೆ ಡಿಸ್ಫರ್ಲಿನ್ ಎಂಬ ಒಂದು ಪ್ರೋಟೀನ್ ಬೇಕು. ರಕ್ತದಲ್ಲೂ ಅದರ ಗುರುತು ಸಿಗುತ್ತದೆ. ಈ ಪ್ರತಿಕಾಯ ಆ ಪ್ರೋಟೀನಿಗೆ ಮಾತ್ರ ಹೋಗಿ ಅಂಟುತ್ತದೆ, ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಅಂಟಿದರೆ ಪರೀಕ್ಷೆಯ ಪಟ್ಟಿಯ ಮೇಲೆ ಒಂದು ಗೆರೆ ಮೂಡುತ್ತದೆ. ಗೆರೆ ಬರಲಿಲ್ಲವೆಂದರೆ ಪ್ರೋಟೀನ್ ಇಲ್ಲ. ಇಲ್ಲದವರಿಗೆ ಇಪ್ಪತ್ತು ದಾಟಿದ ಮೇಲೆ ಕಾಲಿನ ಬಲ ಇಳಿಯುತ್ತಾ ಬರುತ್ತದೆ.

“ಅದು ವಿಷವೇನ್ರಿ ಮೇಡಂ?” ಸೂರಪ್ಪ ತಡೆಯಲಾರದೆ ಕೇಳಿದ.

“ಶೀಶೆಯದ್ದು ನನಗೆ ಹೆದರಿಕೆ ಇಲ್ಲ. ಅದನ್ನು ತಣ್ಣಗಿಡೋಕೆ ಸುತ್ತಲೂ ಐದು ಕೆಜಿ ಡ್ರೈ ಐಸ್ ತುಂಬಿದ್ದಾರೆ. ಅದು ಕರಗಿ ನೀರಾಗಲ್ಲ, ಗಾಳಿಯಾಗುತ್ತೆ. ಆ ಗಾಳಿ ಭಾರ. ತಗ್ಗಿಗೆ ಇಳಿದು ನಿಂತುಬಿಡುತ್ತೆ. ಕಿಟಕಿ ಬಾಗಿಲು ಹಾಕಿದ ಕಡೆ ಆ ಪೆಟ್ಟಿಗೆ ಬಿಚ್ಚಿಟ್ಟರೆ ಒಳಗಿದ್ದವರು ತಲೆ ಸುತ್ತಿ ಬೀಳ್ತಾರೆ. ಬಿದ್ದವರು ಏಳೋದು ಕಷ್ಟ. ತಗೊಂಡು ಹೋದವರಿಗೆ ಇದು ಗೊತ್ತಿಲ್ಲ.”

ಸೂರಪ್ಪನಿಗೆ ತನ್ನೂರು ನೆನಪಾಯಿತು. ಅವನು ನನ್ನಿವಾಳದವನು. ಹತ್ತು ವರ್ಷದ ಹುಡುಗನಾಗಿದ್ದಾಗ ಅವನ ಚಿಕ್ಕಪ್ಪ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಹಗೇವಿನ ಬಾಯಿ ತೆಗೆದು, ಗಾಳಿಯಾಡಲು ಬಿಡದೆ ಕೆಳಗಿಳಿದಿದ್ದ. ಕೂಗಿದರೂ ಚಿಕ್ಕಪ್ಪ ಓಗೊಡಲಿಲ್ಲವೆಂದು ಎತ್ತಲು ಇನ್ನೊಬ್ಬ ಇಳಿದ. ಸಂಜೆಗೆ ಎರಡು ಹೆಣ ಮೇಲೆ ಬಂದವು. ಮೈಮೇಲೆ ಒಂದು ಗೀರು ಕೂಡ ಇರಲಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಏನೇ ಹೆಸರು ಹೇಳಲಿ, ಇದು ಆ ಹಗೇವಿನ ಗಾಳಿಯೇ ಎಂದು ಅವನಿಗೆ ಅರ್ಥವಾಯಿತು.

ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಬೇರೆಯವರ ಹೆಸರು ಹೇಳಿ ವಂಚಿಸಿ ವಸ್ತು ಪಡೆದ ಆರೋಪ, ಆರೋಪಿ ಅಪರಿಚಿತ. ಇವರು ಠಾಣೆಯ ಮೆಟ್ಟಿಲಿಳಿಯುವ ಹೊತ್ತಿಗೆ ಪೇಟೆಯಲ್ಲಿ ಸುದ್ದಿ ಇವರಿಗಿಂತ ಮುಂದಿತ್ತು. ಕಾವಲಿನಿಂದ ರೋಗದ ಡಬ್ಬಿ ಕಳುವಾಗಿದೆಯಂತೆ, ಬಾಯಿ ತೆಗೆದರೆ ಊರೇ ಹೋಗುತ್ತದಂತೆ. ಎಣ್ಣೆ ಮಿಲ್ಲಿನ ಮುಂದೆ ಒಬ್ಬ ಮೂಗಿಗೆ ಟವಲು ಕಟ್ಟಿಕೊಂಡೇ ಬೀಡಿ ಸೇದಲು ಒದ್ದಾಡುತ್ತಿದ್ದ. ಬೇರೆ ದಿನವಾಗಿದ್ದರೆ ಸೂರಪ್ಪ ನಗುತ್ತಿದ್ದ.

ಕೊರಿಯರ್ ಆಫೀಸಿನ ಪಾತಣ್ಣನಿಗೆ ಆಗಲೇ ಅರ್ಧ ಜೀವ ಹೋಗಿತ್ತು.

“ಎಷ್ಟು ಹೊತ್ತಿಗೆ ಬಂದಿದ್ದ?” ಅಮರೇಶ್ ಕೇಳಿದರು.

“ಏಳು ಕಾಲು ಸಾರ್. ಕೇಂದ್ರದ ಪಾರ್ಸಲ್ ಬಂದೈತಾ ಅಂದ. ಕಾರ್ಡ್ ತೋರಿಸ್ದ. ಕೇಂದ್ರದ ಸೀಲ್ ಇತ್ತು, ಕೊಟ್ಟೆ.”

“ಕಾರ್ಡಿನ ಮೇಲೆ ಹೆಸರು ಓದಿದೆಯಾ?”

“ಇಲ್ಲ ಸಾರ್. ಸೀಲ್ ನೋಡ್ದೆ ಅಷ್ಟೆ.”

“ಆಳು ಹೆಂಗಿದ್ದ?”

“ಮೂವತ್ತರ ಆಸುಪಾಸು. ತೆಳ್ಳಗೆ. ಮಾತು ಮೆತ್ತಗೆ. ಪೆಟ್ಟಿಗೆ ಟೇಪ್ ಬಿಟ್ಕಂಡಿತ್ತು, ಸಂದಿಯಾಗೆ ಹೊಗೆ ಬರ್ತಿತ್ತು. ಬೆಚ್ಚಿಬಿದ್ದ. ಆಮ್ಯಾಲೆ ಜೇಬಿನಿಂದ ದಾರ ತೆಗೆದು ಕಟ್ದ. ಒಂದೇ ಕೈಯಾಗೆ ಗಂಟು ಹಾಕ್ಬಿಟ್ಟ ಸಾರ್, ಕಣ್ಣು ಮಿಟುಕಿಸೋದ್ರಾಗೆ.”

ಮೇಜಿನ ಕಾಲ ಬಳಿ ಬಿದ್ದಿದ್ದ ದಾರದ ತುಂಡನ್ನು ಸೂರಪ್ಪ ಹೆಕ್ಕಿದ. ಗೇಣುದ್ದ, ನೇರಳೆ ಬಣ್ಣ, ಹುರಿ ಹೊಸೆದದ್ದು. ಬೆಳಕಿಗೆ ಹಿಡಿದರೆ ಮಿಂಚುತ್ತಿತ್ತು. ಅವನು ಹಿಂದೆ ರೇಷ್ಮೆ ಸೀರೆ ನೇಯುವ ಮೊಳಕಾಲ್ಮೂರಿನ ಠಾಣೆಯಲ್ಲಿ ನಾಲ್ಕು ವರ್ಷ ಕಳೆದವನು. ಕೈ ತನ್ನಷ್ಟಕ್ಕೆ ಬೆಂಕಿಪೊಟ್ಟಣ ತೆಗೆಯಿತು.

“ಸಾಕ್ಷ್ಯ ಸುಡ್ತೀರೇನ್ರೀ ಸೂರಪ್ಪ?” ಅಮರೇಶ್ ಗದರಿದರು.

“ಸುಟ್ರೆ ಕೂದಲು ವಾಸನೆ ಬರುತ್ತೆ ಸಾರ್. ರೇಷ್ಮೆ ಇದು, ಸೀರೆ ಹಾಸಿನ ಎಳೆ, ಮಗ್ಗದಾಗೆ ಉದ್ದಕ್ಕೆ ಕಟ್ಟೋದು. ಒಂದೇ ಕೈಯಾಗೆ ಗಂಟು ಹಾಕೋದು ನೇಕಾರರು. ಹಾಸಿನಾಗೆ ಎಳೆ ಹರಿದ್ರೆ ಇನ್ನೊಂದು ಕೈ ಬಿಡುವಿರಲ್ಲ.”

ಪಂಚರಿಬ್ಬರ ಮುಂದೆ ಪಂಚನಾಮೆ ಮುಗಿದಾಗ ಹತ್ತೂವರೆ. ದಾರವನ್ನು ಲಕೋಟೆಯಲ್ಲಿ ಹಾಕಿ ಅರಗು ಒತ್ತಿದರು. ಸೂರಪ್ಪ ಬಸ್ ಡಿಪೋಗೆ ಫೋನ್ ಹಚ್ಚಿ, ಮೊಳಕಾಲ್ಮೂರಿನ ಕಡೆ ಹೋದ ಏಳೂವರೆಯ ಬಸ್ಸಿನ ಕಂಡಕ್ಟರನ್ನು ಹಿಡಿದ. ಕಂಡಕ್ಟರಿಗೆ ಚೆನ್ನಾಗಿ ನೆನಪಿತ್ತು. ಬಿಳಿ ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದನಂತೆ. ಕೆಳಗಿಡಯ್ಯ ಎಂದರೆ, ಅಲ್ಲಿ ಬಿಸಿ ಐತಣ್ಣ, ಕೆಟ್ಟೋಗುತ್ತೆ ಎಂದನಂತೆ. ಮೊಳಕಾಲ್ಮೂರಿನಲ್ಲಿ ಇಳಿದ.

ಕದ್ದ ಮಾಲು ಕೆಡಬಾರದೆಂದು ಕಾಳಜಿ ಮಾಡುವ ಕಳ್ಳನನ್ನು ಸೂರಪ್ಪ ಈವರೆಗೆ ಕಂಡಿರಲಿಲ್ಲ.

ಅಮರೇಶ್ ಡಾಕ್ಟರ ಕಡೆ ತಿರುಗಿದರು. “ನಿಮ್ಮ ಸೀಲಿನ ಕಾರ್ಡು ಯಾರ್ಯಾರ ಹತ್ತಿರ ಇರುತ್ತೆ?”

“ಪರೀಕ್ಷೆಗೆ ರಕ್ತ ಕೊಟ್ಟವರ ಹತ್ತಿರ.”

“ಮೊಳಕಾಲ್ಮೂರಿನವರು?”

“ಈ ಸಲ ಒಬ್ಬರೇ. ಆದರೆ ಹೆಸರು ಹೇಳುವಂತಿಲ್ಲ ಸರ್. ಯಾರಿಗೂ ಹೇಳಲ್ಲ ಅಂತ ಬರೆದುಕೊಟ್ಟಿದ್ದೀನಿ. ಆ ಕಾಯಿಲೆ ಹೆಸರು ಹೊರಗೆ ಬಿದ್ದರೆ ಆ ಮನೆಗೆ ಯಾರೂ ಹೆಣ್ಣು ಕೊಡಲ್ಲ, ತರಲ್ಲ.”

“ಹೆಸರು ಮುಚ್ಚಿಟ್ಟುಕೊಂಡು ಆಮೇಲೆ ಹೆಣದ ಗುರುತು ಹಿಡಿಯೋಕೆ ಬರ್ತೀರಾ ಮೇಡಂ?”

ಡಾಕ್ಟರು ಕೋಟಿನ ಜೇಬಿನಿಂದ ಮೊಬೈಲು ತೆಗೆದರು. ಕೊನೆಗೆ ಅವರು ಹೇಳಿದರು. “ದಿವ್ಯಶ್ರೀ. ಇಪ್ಪತ್ನಾಲ್ಕು ವರ್ಷ. ತಂದೆ ಚಿತ್ತಯ್ಯ, ನೇಕಾರರು. ಪ್ರತಿಕಾಯ ಗುರುವಾರ ಬರುತ್ತೆ, ಶನಿವಾರ ಫಲಿತಾಂಶ ಹೇಳ್ತೀನಿ ಅಂತ ನಾನೇ ಅವಳ ಮೊಬೈಲಿಗೆ ಮೆಸೇಜ್ ಹಾಕಿದ್ದೆ.”

ದಿವ್ಯಶ್ರೀಯ ಮೊಬೈಲು ರಿಂಗಾಯಿತು, ಯಾರೂ ಎತ್ತಲಿಲ್ಲ. ಮೂರು ಸಲ ಮಾಡಿದರೂ ಅಷ್ಟೆ. ಮೊಳಕಾಲ್ಮೂರು ಠಾಣೆಗೆ ಮಾಡಿದರೆ, ಇದ್ದವರೆಲ್ಲ ಬಂದೋಬಸ್ತಿಗೆ ಹೋಗಿ ಸೆಂಟ್ರಿ ಒಬ್ಬನೇ ಉಳಿದಿದ್ದ. ಚಿತ್ತಯ್ಯ ಅನ್ನೋರು ಆ ಬೀದಿಯಾಗೆ ನಾಲ್ಕು ಜನ ಅವ್ರೆ ಸಾರ್, ಯಾವ ಚಿತ್ತಯ್ಯ ಎಂದು ಕೇಳಿದ. ಮನೆ ಕಂಡಿದ್ದು ಡಾಕ್ಟರು ಒಬ್ಬರೇ. ಅವರನ್ನೂ ಕೂರಿಸಿಕೊಂಡು ಹನ್ನೊಂದು ಗಂಟೆಗೆ ಜೀಪು ಬಳ್ಳಾರಿ ರಸ್ತೆ ಹಿಡಿಯಿತು.

ಜೀಪು ತಳಕು ಊರು ದಾಟಿತು. ರಸ್ತೆಯ ಮೇಲೆ ಬಿಸಿಲು ಕುಣಿಯುತ್ತಿತ್ತು. ಸೂರಪ್ಪ ಮತ್ತೆ ಮತ್ತೆ ಗಡಿಯಾರ ನೋಡಿದ. ಪೆಟ್ಟಿಗೆ ಬಸ್ಸಿಳಿದು ಎರಡು ಗಂಟೆಯಾಯಿತು. ನೆಲಮಾಳಿಗೆಯೋ, ಮಂಚದ ಕೆಳಗೋ, ಎಲ್ಲಿಟ್ಟಿರಬಹುದು? ಮಂಚದ ಕೆಳಗಾದರೆ ಮೇಲೆ ಯಾರಾದರೂ ಮಲಗಿದ್ದರೆ? ಹೆದರಿಕೆಯಾಗಿದೆ ಎಂದು ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯೂ ಆಗಲಿಲ್ಲ.

“ಮನೆಯಲ್ಲಿ ಏನಾದರೂ ವಿಶೇಷ ಇದೆಯಾ?” ಅಮರೇಶ್ ಕೇಳಿದರು.

“ಬುಧವಾರ ದಿವ್ಯಶ್ರೀ ಮದುವೆ. ಹುಡುಗ ಅವಳ ತಾಯಿಯ ತಮ್ಮ, ಶಿವರಾಮ. ಅಕ್ಕನ ಮನೆಯಲ್ಲೇ ಬೆಳೆದು ಅಲ್ಲೇ ನೇಯ್ತಾನೆ.”

“ಪರೀಕ್ಷೆ ಮಾಡಿಸಬೇಕು ಅಂದಿದ್ದು ಯಾರು?”

“ಅವಳೇ. ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಒಂದೇ ರಕ್ತದಲ್ಲಿ ಕೊಟ್ಟು ತಂದರೆ ಮಕ್ಕಳಿಗೂ ಬರಬಹುದು ಅಂತ ನಾನು ಹೇಳಿದ್ದೆ. ಗೆರೆ ಬಂದರೆ ಮದುವೆ, ಬರದಿದ್ದರೆ ಇಲ್ಲ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದಾಳೆ.”

ಅಮರೇಶ್ ಡ್ರೈವರಿನ ಭುಜ ತಟ್ಟಿ, ಇನ್ನೂ ಜೋರಾಗಿ ಹೋಗಯ್ಯ ಎಂದರು.

ನೇಕಾರರ ಬೀದಿಗೆ ಹೊಕ್ಕಾಗ ಹನ್ನೆರಡು ಐದು. ಬೀದಿಯುದ್ದಕ್ಕೂ ಮನೆಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಡಾಕ್ಟರು ತೋರಿಸಿದ ಮನೆಯಿಂದ ಮಾತ್ರ ಬರುತ್ತಿರಲಿಲ್ಲ. ಎದುರು ಮನೆಯ ಜಗುಲಿಯಲ್ಲಿ ಮುದುಕ ಪೆದ್ದಣ್ಣ ರಾಟೆಗೆ ನೂಲು ಸುತ್ತುತ್ತಾ ಕೂತಿದ್ದ.

“ಚಿತ್ತಯ್ಯ ಇಲ್ವೇನಪ್ಪ?” ಸೂರಪ್ಪ ಕೇಳಿದ.

“ಚಿತ್ತಯ್ಯ, ಎರ್ರಮ್ಮ, ಶಿವರಾಮ, ಮೂರೂ ಜನ ರಾಂಪುರಕ್ಕೆ ಹೋಗ್ಯಾರೆ. ಲಗ್ನಪತ್ರಿಕೆ ಕೊಡಾಕೆ. ಹುಡುಗಿ ಒಳಗೈತೆ.”

“ಮಗ್ಗದ ಸದ್ದೇ ಇಲ್ವಲ್ಲ.”

ಪೆದ್ದಣ್ಣ ಕಿವಿಗೊಟ್ಟ. “ಹೌದಲ್ಲ. ಇಷ್ಟೊತ್ತು ಇತ್ತು. ಗುಂಡಿಗೆ ನೀರು ಹಾಕ್ತಿರ್ಬೇಕು ತಗಳ್ರಿ. ಈ ಬಿಸಿಲಿಗೆ ಎಳೆ ಪಟಪಟ ಹರಿತಾವೆ.”

ಗುಂಡಿ ಎಂಬ ಮಾತಿಗೆ ಸೂರಪ್ಪ ತಟ್ಟನೆ ಆ ಮನೆಯ ಕಡೆ ತಿರುಗಿದ. ಮೊಳಕಾಲ್ಮೂರಿನ ಮಗ್ಗ ಗುಂಡಿಮಗ್ಗ. ನೆಲದಲ್ಲಿ ಸೊಂಟದುದ್ದ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ದಡದ ಮೇಲೆ ಕೂತು ನೇಯುತ್ತಾರೆ. ರೇಷ್ಮೆಗೆ ತೇವ ಬೇಕೆಂದು ಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ಗುಂಡಿಗೆ ಕೊಡ ನೀರು ಸುರಿಯುತ್ತಾರೆ. ನೇಕಾರನ ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗ ಅದೇ. ತಣ್ಣಗಿಡಬೇಕಾದ ಪೆಟ್ಟಿಗೆಯನ್ನು ಒಬ್ಬ ನೇಕಾರ ಬೇರೆ ಎಲ್ಲಿಡುತ್ತಾನೆ?

“ಸಾರ್, ಗುಂಡಿ!” ಎಂದವನೇ ಬಾಗಿಲಿಗೆ ಹೆಗಲು ಕೊಟ್ಟ. ಚಿಲಕ ಎರಡನೇ ಏಟಿಗೆ ಕಿತ್ತು ಬಂತು.

ಮಗ್ಗದ ಕೋಣೆಯಲ್ಲಿ ಅರೆಗತ್ತಲು. ಎರಡು ಮಗ್ಗ. ಒಳಗಿನ ಮಗ್ಗದ ಗುಂಡಿಯಿಂದ ಬೆಳ್ಳನೆ ಮಂಜು ಉಕ್ಕಿ ನೆಲದ ಮೇಲೆ ಹರಿದಾಡುತ್ತಿತ್ತು. ಪಕ್ಕದಲ್ಲಿ ಖಾಲಿ ಕೊಡ ಉರುಳಿತ್ತು. ಗುಂಡಿಯೊಳಗೆ ಹುಡುಗಿ. ಎರಡೂ ಕೈಯಲ್ಲಿ ಬಟ್ಟೆ ಸುತ್ತುವ ಮರವನ್ನು ಬಿಗಿಯಾಗಿ ಹಿಡಿದು, ಗಲ್ಲವನ್ನು ಗುಂಡಿಯ ದಡಕ್ಕೆ ಆನಿಸಿ ಜೋತುಬಿದ್ದಿದ್ದಳು. ಕಣ್ಣು ಅರೆ ಮುಚ್ಚಿದ್ದವು, ಉಸಿರು ನಾಯಿ ತೇಕಿದ ಹಾಗೆ ಬರುತ್ತಿತ್ತು.

ಅಮರೇಶ್ ಗುಂಡಿಗೆ ಧುಮುಕಲು ಹೋದರು. ಸೂರಪ್ಪ ಅವರ ಅಂಗಿ ಹಿಡಿದು ಹಿಂದಕ್ಕೆಳೆದ. ಮೂವತ್ತನಾಲ್ಕು ವರ್ಷದಲ್ಲಿ ಮೇಲಧಿಕಾರಿಯ ಸಮವಸ್ತ್ರಕ್ಕೆ ಅವನು ಕೈ ಹಾಕಿದ್ದು ಅದೊಂದೇ ಸಲ.

“ಇಳೀಬ್ಯಾಡ್ರಿ ಸಾರ್. ಎರಡನೇ ಹೆಣ ಆಗ್ತೀರಿ.” ಬೆಂಕಿಕಡ್ಡಿ ಗೀರಿ ಕೈ ಕೆಳಗೆ ಚಾಚಿದ. ಗುಂಡಿಯ ಬಾಯಿಗೆ ಬರುತ್ತಲೇ ಕಡ್ಡಿ ಆರಿತು. “ನೋಡಿದ್ರಾ? ಉಸಿರು ಕಟ್ಟಿ, ಮೇಲಿಂದಲೇ ಎಳೀರಿ.”

ಇಬ್ಬರೂ ಉಸಿರು ಹಿಡಿದು ದಡದ ಮೇಲೆ ಬೋರಲು ಬಿದ್ದರು. ಕಂಕುಳಿಗೆ ಕೈ ಹಾಕಿ ಎಳೆದರು. ಮರ ಹಿಡಿದ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಹುಡುಗಿ ಹಗುರ, ಆದರೆ ಕಾಲು ಎರಡೂ ಒಂದಿಷ್ಟೂ ಸಹಾಯ ಮಾಡಲಿಲ್ಲ, ಒದ್ದೆ ಚೀಲದಂತೆ ಹಿಂದೆ ಬಂದವು. ಡಾಕ್ಟರು ಅಷ್ಟರಲ್ಲಿ ಕಿಟಕಿಗಳನ್ನೆಲ್ಲ ತೆಗೆದಿದ್ದರು. ಹೊರಗೆ ಜಗುಲಿಯ ಮೇಲೆ ಮಲಗಿಸಿದಾಗ ಹನ್ನೆರಡು ಹನ್ನೊಂದು. ಬೀದಿಯ ಮಗ್ಗಗಳೆಲ್ಲ ನಿಂತು ಜನ ಸೇರಿತು.

ದಿವ್ಯಶ್ರೀ ಕಣ್ಣು ಬಿಟ್ಟು ಮೊದಲು ಕೇಳಿದ್ದು ತೆಲುಗಿನಲ್ಲಿ. “ಮಾಮ ಏಡಿ?” ಮಾಮ ಎಲ್ಲಿ ಎಂದು.

ತಾಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಒಂದು ಗಂಟೆಯಾದ ಮೇಲೆ ಅವಳು ಮಾತಾಡುವ ಸ್ಥಿತಿಗೆ ಬಂದಳು. ಪಕ್ಕದ ಮಂಚದ ಹತ್ತಿರ ಸೂಜಿ, ಬಾಟಲಿಗಳ ನಡುವೆ ಸೂರಪ್ಪ ಕೂತು ಹೇಳಿಕೆ ಬರೆದುಕೊಂಡ. ಹೆದರಿಕೊಳ್ಳಲು ಅವನಿಗೆ ಪುರುಸೊತ್ತಿರಲಿಲ್ಲ.

“ಪೆಟ್ಟಿಗೆ ಅಲ್ಲಿರೋದು ನಿನಗೆ ಗೊತ್ತಿತ್ತೇನವ್ವ?”

“ಇಲ್ಲ ಸಾರ್. ಮಾಮ ಬೆಳಿಗ್ಗೆ ಎಲ್ಲಿಗೋ ಹೋಗಿ ಒಂಬತ್ತಕ್ಕೆ ಬಂದ. ಅವನ ಗುಂಡಿ ಮ್ಯಾಲೆ ಒದ್ದೆ ಗೋಣಿಚೀಲ ಹಾಕಿದ್ದ. ದಿನಾ ಹಾಕ್ತಾನೆ. ನಾನು ಮಧ್ಯಾಹ್ನ ಎರಡೂ ಗುಂಡಿಗೆ ನೀರು ಹಾಕ್ತೀನಿ. ಅವನ ಗುಂಡಿಗೆ ಹಾಕಿದ್ದೇ ತಡ ಬುಸ್ ಅಂತ ಹೊಗೆ ಬಂತು. ಚೀಲ ಎಳೆದು ನೋಡಿದ್ರೆ ಪೆಟ್ಟಿಗೆ. ಮುಚ್ಚಳ ತೆಗೆದಿತ್ತು. ಮ್ಯಾಲೆ ಕೇಂದ್ರದ ಸೀಲು.”

“ಯಾಕೆ ಇಳಿದೆ?”

“ಮೇಡಂ ಹೇಳಿದ್ದ ಔಷಧಿ ಅದೇ ಅಂತ ಗೊತ್ತಾತು. ನೀರು ಬಿದ್ದು ಕೆಡುತ್ತೆ ಅಂತ ಇಳಿದೆ.” ಅವಳು ಹೊದಿಕೆಯ ಕೆಳಗಿನ ತನ್ನ ಕಾಲಿನ ಕಡೆ ನೋಡಿದಳು. “ಇಳಿಯೋದು ಇಳಿದೆ ಸಾರ್. ಹತ್ತಾಕೆ ಕಾಲು ಬರಲಿಲ್ಲ. ಕಣ್ಣಿಗೆ ಕತ್ತಲೆ ಬಂತು. ಭಾಳ ಹೆದರಿಕೆ ಆತು.”

ಮನೆಯಲ್ಲಿ ಅಮರೇಶ್ ಪಂಚನಾಮೆ ಮುಗಿಸಿದ್ದರು. ಪೆಟ್ಟಿಗೆ, ನೇರಳೆ ದಾರ, ಒದ್ದೆ ಚೀಲ, ಪ್ಲಾಸ್ಟಿಕ್ ಕವರಿನಲ್ಲಿದ್ದ ಹೆಬ್ಬೆರಳಿಗಿಂತ ಸಣ್ಣ ಶೀಶೆ ಜಪ್ತಿಯಾದವು. ಇಷ್ಟಕ್ಕೆಲ್ಲ ಕಾರಣವಾದ ಶೀಶೆಯಲ್ಲಿ ಔಷಧಿ ತಳದಲ್ಲಿ ಒಂದು ಹನಿಯಷ್ಟಿತ್ತು. ಡಾಕ್ಟರು ಅದನ್ನು ಎತ್ತಿ ನೋಡಿ, ಇನ್ನೂ ತಣ್ಣಗಿದೆ, ಕೆಟ್ಟಿಲ್ಲ ಎಂದರು.

ಆಸ್ಪತ್ರೆಗೆ ಬಂದು ಅದನ್ನೇ ಹೇಳಿದಾಗ ದಿವ್ಯಶ್ರೀ, “ಹಂಗಾದ್ರೆ ನಾಳೆನೇ ಪರೀಕ್ಷೆ ಮಾಡಿ ಮೇಡಂ,” ಎಂದಳು.

ಮುಚ್ಚಳಿಕೆ ಬರೆಸಿಕೊಂಡು ಶೀಶೆಯನ್ನು ಡಾಕ್ಟರ ವಶಕ್ಕೆ ಕೊಟ್ಟರು.

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ರಾಂಪುರದಿಂದ ಮೂವರೂ ಆಸ್ಪತ್ರೆಗೆ ಬಂದರು. ತಾಯಿ ಎರ್ರಮ್ಮ ಬಾಗಿಲಲ್ಲೇ ಕುಸಿದು ಕೂತಳು, ಚಿತ್ತಯ್ಯನ ಕೈಯಲ್ಲಿ ಉಳಿದ ಲಗ್ನಪತ್ರಿಕೆಗಳು ಹಾಗೇ ಇದ್ದವು. ತೆಳ್ಳನೆಯ ಶಿವರಾಮ ಪೊಲೀಸರನ್ನು ಕಂಡು ಓಡಲಿಲ್ಲ. ನೇರ ಅಮರೇಶ್ ಮುಂದೆ ಬಂದು ನಿಂತ.

“ಅವಳು ಉಸಿರಾಡ್ತವಳೇನ್ರಿ ಸಾರ್?”

“ಉಸಿರಾಡ್ತಿದಾಳೆ.”

“ಪೆಟ್ಟಿಗೆ ತಂದಿಟ್ಟಿದ್ದು ನಾನೇ ಸಾರ್.”

ಅವನನ್ನು ಅಲ್ಲೇ ದಸ್ತಗಿರಿ ಮಾಡಿದರು. ಕಾರಣ ತಿಳಿಸಿ, ಮಾಹಿತಿ ಪಡೆದ ಬಗ್ಗೆ ಚಿತ್ತಯ್ಯನ ಸಹಿ ಹಾಕಿಸಿಕೊಂಡರು. ಅಳಿಯನಾಗಬೇಕಾದವನ ದಸ್ತಗಿರಿಯ ಕಾಗದಕ್ಕೆ ಸಹಿ ಮಾಡಲು ಆ ಮನುಷ್ಯ ಲಗ್ನಪತ್ರಿಕೆಗಳನ್ನು ಕಂಕುಳಲ್ಲಿ ಇರುಕಿಕೊಂಡ. ಹುಡುಗಿಯನ್ನು ಆ ದಿನ ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಶಿವರಾಮ ಕಿಟಕಿಯ ಹೊರಗಿನಿಂದ ಒಮ್ಮೆ ಅವಳ ಮುಖ ನೋಡಿ ಜೀಪು ಹತ್ತಿದ.

ಸಂಜೆ ಆರು ಕಾಲಿಗೆ ಚಳ್ಳಕೆರೆ ಠಾಣೆಯಲ್ಲಿ ವಿಚಾರಣೆ ನಡೆಯಿತು. ಅಮರೇಶ್ ಕೇಳಿದರು, ಸೂರಪ್ಪ ಬರೆದುಕೊಂಡ.

“ಔಷಧಿ ಬರೋದು ಹೆಂಗೆ ಗೊತ್ತಾಯ್ತು?”

“ಅವಳ ಮೊಬೈಲ್ ನೋಡ್ದೆ. ಕಾರ್ಡೂ ಅವಳದೇ ಸಾರ್, ದೇವರ ಗೂಡಿನಾಗಿತ್ತು.”

“ಪರೀಕ್ಷೆ ಆಗಬಾರದು ಅಂದ್ರೆ ದಾರಿಯಲ್ಲೇ ಎಸೆದು ಹೋಗಬಹುದಿತ್ತಲ್ಲ?”

“ಎಸೆಯಾಕೆ ಮನಸ್ಸು ಬರಲಿಲ್ಲ ಸಾರ್. ಬ್ಯಾರೆಯೋರ ರಕ್ತಾನೂ ನೋಡಬೇಕಲ್ಲ ಅದರಾಗೆ. ಮದುವೆ ಮುಗಿಸಿ ಬರೋ ಗುರುವಾರ ನಾನೇ ಕೇಂದ್ರಕ್ಕೆ ಒಯ್ದು ಕೊಡ್ಬೇಕು ಅಂತಿದ್ದೆ. ತಣ್ಣಗಿರ್ಲಿ ಅಂತ ಗುಂಡಿಯಾಗಿಟ್ಟೆ. ಹೊಗೆ ನೋಡಿ ಸಿಡಿಯುತ್ತೇನೋ ಅಂತ ಮುಚ್ಚಳ ತೆಗೆದೆ.”

“ಅವಳಿಗೆ ಕಾಯಿಲೆ ಇರಬಹುದು ಅಂತ ಗೊತ್ತಿತ್ತಾ?”

“ಎರಡು ವರ್ಷದಿಂದ ಗೊತ್ತು ಸಾರ್. ಮನೆಯಾಗೆ ಬ್ಯಾರೆ ಯಾರಿಗೂ ಗೊತ್ತಿಲ್ಲ. ಮಗ್ಗದಿಂದ ಏಳುವಾಗ ತೊಡೆ ಮ್ಯಾಲೆ ಕೈ ಊರಿ ಏಳ್ತಾಳೆ. ಈಗೀಗ ಅದೂ ಕಷ್ಟ ಆಗೈತೆ. ನಾನು ಪಕ್ಕದ ಮಗ್ಗದಾಗೆ ಇರ್ತೀನಲ್ಲ, ಕೈ ಕೊಡ್ತೀನಿ.”

“ಗೊತ್ತಿದ್ದೂ ಮದುವೆ ಆಗ್ತೀನಿ ಅಂದೆಯಾ?”

“ಹೂಂ ಸಾರ್.”

“ಮತ್ತೆ ಹೆದರಿಕೆ ಯಾತಕ್ಕೆ?”

ಶಿವರಾಮ ತನ್ನ ಬೆರಳುಗಳನ್ನೇ ನೋಡುತ್ತಾ ಕೂತ. ರೇಷ್ಮೆ ಎಳೆ ಎಳೆದೆಳೆದು ಬೆರಳ ಸಂದಿಯಲ್ಲಿ ಗೀರುಗಳಿದ್ದವು.

“ಗೆರೆ ಬರಲಿಲ್ಲ ಅಂದ್ರೆ ಅವಳು ನನ್ನ ಬ್ಯಾಡ ಅಂತಾಳೆ ಸಾರ್. ನನ್ನ ಒಳ್ಳೇದಕ್ಕೇ ಅಂತಾಳೆ. ನಾನು ಬ್ಯಾರೆ ಮದುವೆ ಆಗಿ ಬ್ಯಾರೆ ಮನೆಗೆ ಹೋಗ್ಬೇಕಾಗುತ್ತೆ. ಮಗ್ಗದಿಂದ ಅವಳನ್ನ ಎಬ್ಬಿಸೋರು ಯಾರು? ಎರಡು ವರ್ಷ ಒಂದು ದಿನಾನೂ ನಾನು ಅವಳನ್ನ ಮಗ್ಗದ ಹತ್ರ ಒಬ್ಬಳನ್ನೇ ಬಿಟ್ಟು ಹೋಗಿಲ್ಲ ಸಾರ್. ಇವತ್ತೇ ಹೋಗಿದ್ದು.”

ಸೂರಪ್ಪ ಅದನ್ನು ಅವನು ಹೇಳಿದ ಮಾತಿನಲ್ಲೇ ಬರೆದ. ಆಮೇಲೆ ನಿಯಮದ ಪ್ರಕಾರ ಓದಿ ಹೇಳಬೇಕಿತ್ತು. ಕೊನೆಯ ಸಾಲನ್ನು ಅವನು ಎರಡು ಸಲ ಓದಬೇಕಾಯಿತು.